ಮುನ್ನೂರ ಇಪ್ಪತ್ತೈದರಲ್ಲಿ ಒಂದು

– ಮಾವ, ಇನ್ಶೂರೆನ್ಸಿನವರು ಕೇಳಿರೋದು ನಾಲ್ಕೇ ಕಾಲಂ. ಪುಸ್ತಕದ ಹೆಸರು, ಬರೆದವರು, ಅಚ್ಚಾದ ವರ್ಷ, ಈಗಿನ ಬೆಲೆ. ಒಂದೊಂದಕ್ಕೂ ಹರಿಕಥೆ ಶುರು ಮಾಡಬೇಡಿ, ದಮ್ಮಯ್ಯ.

– ಮಾಡಲ್ಲ, ಬರಕೋ. 'ಇನ್ ದ ಸೆವೆನ್ ವುಡ್ಸ್'. ಡಬ್ಲ್ಯೂ. ಬಿ. ಯೇಟ್ಸ್. 1903. ಡನ್ ಎಮರ್ ಪ್ರೆಸ್, ಡನ್‌ಡ್ರಮ್.

– ಡನ್‌ಡ್ರಮ್ಮಾ? ನಾವು ಸಾಮಾನು ತರೋಕೆ ಹೋಗೋ ಆ ಮಾಲ್ ಇರೋ ಡನ್‌ಡ್ರಮ್ಮಾ?

– ಅದೇ. ಆಗ ಅದು ಡಬ್ಲಿನ್ ಪಕ್ಕದ ಹಳ್ಳಿ. 1902ರಲ್ಲಿ ಎವ್ಲಿನ್ ಗ್ಲೀಸನ್ ಅನ್ನೋ ಹೆಂಗಸು ಅಲ್ಲೊಂದು ಮನೆ ಹಿಡಿದು ಕೈಕಸುಬಿನ ಕೇಂದ್ರ ತೆಗೆದರು. ರತ್ನಗಂಬಳಿ ನೇಯೋದು, ಕಸೂತಿ, ಅಚ್ಚು ಹಾಕೋದು. ಕಸೂತಿ ಲಿಲಿ ಯೇಟ್ಸ್ ಪಾಲಿಗೆ, ಅಚ್ಚಿನ ಕೆಲಸ ಅವಳ ತಂಗಿ ಎಲಿಜಬೆತ್ ಪಾಲಿಗೆ. ಇಬ್ಬರೂ ಕವಿಯ ತಂಗಿಯರು. ಕೆಲಸಕ್ಕೆ ಬಂದೋರೆಲ್ಲ ಅಕ್ಕಪಕ್ಕದ ಐರಿಷ್ ಹುಡುಗಿಯರು. ಅಚ್ಚುಮನೆಯಲ್ಲಿ ಗಂಡಸರೇ ಇರಲಿಲ್ಲ. ಅವತ್ತಿನ ಒಂದು ಫೋಟೋ ಇದೆ: ಎಲಿಜಬೆತ್ ಯಂತ್ರದ ಹತ್ತಿರ ನಿಂತಿದ್ದಾಳೆ, ಒಬ್ಬ ಹುಡುಗಿ ಮಸಿ ಉರುಳೆ ಹಿಡಿದಿದ್ದಾಳೆ, ಇನ್ನೊಬ್ಬಳು ಕರಡಚ್ಚು ತಿದ್ದುತ್ತಿದ್ದಾಳೆ. ಇನ್ನೊಂದು ಕಾಲಂ ಹಾಕು. ಎಷ್ಟು ಪ್ರತಿ ಅಂತ. ಇದು 325.

– ನೋಡಿದ್ರಾ, ಐದನೇ ಕಾಲಂ ಬಂದೇ ಬಿಡ್ತು. ಅಲ್ಲ ಮಾವ, 325 ಅಂತ ಯಾಕೆ? ಯೇಟ್ಸ್ ಆಗಲೇ ಹೆಸರು ಮಾಡಿದ್ದ. ಸಾವಿರ ಹಾಕಿದ್ರೂ ಖರ್ಚಾಗ್ತಿತ್ತು. ಬೇಕೂಂತ ಕಮ್ಮಿ ಹಾಕಿ ಬೆಲೆ ಏರಿಸೋದು ವ್ಯಾಪಾರದ ಹಳೇ ಉಪಾಯ ಅಲ್ವಾ?

– ಆಡಿಟರ್ ಬುದ್ಧಿ! ಇಲ್ಲಿ ಲೆಕ್ಕ ಬೇರೆ. ಅವರ ಹತ್ತಿರ ಇದ್ದದ್ದು ಒಂದೇ ಒಂದು ಆಲ್ಬಿಯನ್ ಕೈಯಂತ್ರ, ಅದೂ ಸೆಕೆಂಡ್ ಹ್ಯಾಂಡು. ಅಚ್ಚುಮೊಳೆಗೆ ಮಸಿ ಹಚ್ಚಬೇಕು, ಹಾಳೆ ಇಡಬೇಕು, ಹಲಗೆಯನ್ನು ಒಳಕ್ಕೆ ನೂಕಬೇಕು, ಹಿಡಿ ಎಳೀಬೇಕು, ಮತ್ತೆ ಹೊರಕ್ಕೆ ತೆಗೆದು ಹಾಳೆ ಎತ್ತಬೇಕು. ಇಷ್ಟಾದರೆ ಒಂದು ಹಾಳೆಯ ಒಂದು ಮಗ್ಗುಲು ಆಯ್ತು. 325 ಪ್ರತಿಗೆ ಒಂದೊಂದು ಹಾಳೆಗೂ 650 ಸಲ ಎಳೆತ. ಕೆಟ್ಟು ಹೋದ ಹಾಳೆ ಬೇರೆ. ಇಂಥ ಸಣ್ಣ ಅಚ್ಚುಮನೆಯಲ್ಲಿ ಇಡೀ ಪುಸ್ತಕಕ್ಕೆ ಸಾಕಾಗೋಷ್ಟು ಮೊಳೆಯೂ ಇರಲ್ಲ. ಒಂದಿಷ್ಟು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ ವಾಪಸ್ ಖಾನೆಗೆ ತುಂಬಿದ ಮೇಲೇ ಮುಂದಿನ ಪುಟ. ಆಮೇಲೆ ಇನ್ನೂ ನೂರು ಪ್ರತಿ ಬೇಕು ಅಂದ್ರೆ ಮೊದಲಿಂದ ಶುರು ಮಾಡಬೇಕು. ಹಾಗಾಗಿ ಇಂತಿಷ್ಟು ಪ್ರತಿ ಅಂತ ಲೆಕ್ಕ ಇಟ್ಟಿದ್ದಾರಲ್ಲ, ಆ ಹುಡುಗಿಯರ ತೋಳು ಎಷ್ಟು ಎಳೆದವು ಅನ್ನೋ ಲೆಕ್ಕ ಅದು. ಜಂಬ ಅಲ್ಲ.

– ಸ್ವಲ್ಪ ಜಂಬವೂ ಇದೆ ಅನ್ಸತ್ತೆ.

– ಸ್ವಲ್ಪ ಇದೆ. ಅವರ ಮೊದಲ ಪುಸ್ತಕ ಇದು. ಕೊನೇ ಪುಟದಲ್ಲಿ, 1903ರ ಜುಲೈ 16ಕ್ಕೆ ಮುಗೀತು ಅಂತ ಹೇಳಿ, ಆ ವರ್ಷ ಬೀಸಿದ ದೊಡ್ಡ ಬಿರುಗಾಳಿಯನ್ನೂ ಅಲ್ಲೇ ದಾಖಲು ಮಾಡಿಬಿಟ್ಟಿದ್ದಾರೆ. ಜಾಯ್ಸ್ ಸುಮ್ಮನಿರ್ತಾನಾ? 'ಯುಲಿಸಿಸ್'ನ ಮೊದಲ ಅಧ್ಯಾಯದಲ್ಲೇ ಈ ಅಕ್ಕತಂಗಿಯರನ್ನೂ ಆ ಗಾಳಿಯನ್ನೂ ಸೇರಿಸಿ ಗೇಲಿ ಮಾಡಿಸಿದ್ದಾನೆ. ಕೈ ಒರೆಸಿಕೊಂಡು ಇಲ್ಲಿ ಬಾ, ಈ ಪುಟ ಮುಟ್ಟಿ ನೋಡು.

– ಗ್ಲೌಸ್ ಬೇಡವಾ?

– ಗ್ಲೌಸ್ ಹಾಕಿದರೆ ಬೆರಳಿಗೆ ಏನೂ ಗೊತ್ತಾಗಲ್ಲ, ಕಾಗದ ಹರಿಯೋ ಸಂಭವವೇ ಹೆಚ್ಚು. ಕೈ ಒಣಗಿರಬೇಕು, ಸಾಕು.  ಈ ಅಚ್ಚುಮನೆಯ ಪುಸ್ತಕ ಹೆಚ್ಚುಕಮ್ಮಿ ಎಲ್ಲಕ್ಕೂ ಬೆನ್ನಿಗೆ ಲಿನನ್ ಬಟ್ಟೆ, ರಟ್ಟಿಗೆ ಬಣ್ಣದ ಕಾಗದ. ಒಳಗಿನ ಕಾಗದ ಡಬ್ಲಿನ್ ಜಿಲ್ಲೆಯ ಸ್ಯಾಗರ್ಟ್ ಗಿರಣಿಯದು. ಲಿನನ್ ಚಿಂದಿಯಿಂದ ಮಾಡಿದ್ದು, ಬಿಳಿ ಮಾಡೋಕೆ ರಾಸಾಯನಿಕ ಹಾಕಿಲ್ಲ. ನೂರಿಪ್ಪತ್ತು ವರ್ಷ ದಾಟಿದ್ರೂ ಮುರುಕಲಾಗಿಲ್ಲ ನೋಡು. ಈಗ ದೀಪಕ್ಕೆ ಓರೆಯಾಗಿ ಹಿಡಿ. ಅಕ್ಷರ ಕಾಗದದ ಒಳಕ್ಕೆ ತುಸು ಇಳಿದಿದೆ, ಹಿಂದಿನ ಮಗ್ಗುಲಲ್ಲಿ ಸವರಿದರೆ ಉಬ್ಬು ಸಿಗತ್ತೆ.

– ಸಿಕ್ತು. ಇಲ್ಲೊಂದು ಕಡೆ ಮಸಿ ಜಾಸ್ತಿಯಾಗಿದೆ.

– ಉರುಳೆ ಹಿಡಿದವಳು ಎರಡು ಸಲ ಎಳೆದಿದ್ದಾಳೆ. ಬೇರೆಯವರ ಪ್ರತಿಯಲ್ಲಿ ಆ ಜಾಗದಲ್ಲಿ ತೆಳುವಾಗಿರಬಹುದು. ಇನ್ನೊಂದು ತಮಾಷೆ ಕೇಳು. ಎಲ್ಲ ಐರ್ಲೆಂಡಿನದೇ ಆಗಬೇಕು ಅಂತ ಹಟ ಹಿಡಿದವರು, ಅಕ್ಷರಕ್ಕೆ ಮಾತ್ರ ಇಂಗ್ಲೆಂಡಿನ ಕ್ಯಾಸ್ಲನ್. 14 ಪಾಯಿಂಟಿನದು. ಸಲಹೆ ಕೊಟ್ಟವರು ಲಂಡನ್ನಿನ ಎಮರಿ ವಾಕರ್, ವಿಲಿಯಂ ಮಾರಿಸ್‌ನ ಸ್ನೇಹಿತ. ಆದರೆ ಮಾರಿಸ್‌ನ ಕೆಲ್ಮ್‌ಸ್ಕಾಟ್ ಪುಸ್ತಕ ನೋಡಿದ್ದೀಯಲ್ಲ? ಅಂಚಿನ ತುಂಬ ಬಳ್ಳಿ, ಹೂವು, ಎಲೆ. ನೋಡೋಕೆ ಚೆಂದ, ಕವಿತೆ ಓದೋಕೆ ಹೋದರೆ ಉಸಿರುಕಟ್ಟತ್ತೆ. ಎಲಿಜಬೆತ್ ಅದೆಲ್ಲ ಬಿಟ್ಟಳು. ದೊಡ್ಡ ಅಕ್ಷರ, ಅಗಲ ಅಂಚು, ಅಲ್ಲಲ್ಲಿ ಒಂದಿಷ್ಟು ಕೆಂಪು. ನನ್ನ ಮಟ್ಟಿಗೆ ಅವಳ ಪುಟವೇ ಹೆಚ್ಚು.

– ನಕಲಿ ಇರಲ್ವಾ ಇದಕ್ಕೆಲ್ಲ? ವಿಮೆಯವರು ಮೊದಲು ಕೇಳೋದೇ ಅದು.

– ನಕಲಿ ಅನ್ನೋದಕ್ಕಿಂತ ಪಡಿಯಚ್ಚು. 1970ರ ಸುಮಾರಿಗೆ ಶ್ಯಾನನ್ ಊರಿನ ಐರಿಷ್ ಯೂನಿವರ್ಸಿಟಿ ಪ್ರೆಸ್ಸು ಈ ಪುಸ್ತಕಗಳನ್ನು ಫೋಟೋ ತೆಗೆದು ಹಾಗೇ ಮತ್ತೆ ತಂತು. ಅದೇ ಥರದ ರಟ್ಟು, ಅದೇ ಥರದ ಬೆನ್ನು. ಮೋಸ ಮಾಡೋ ಉದ್ದೇಶದ್ದಲ್ಲ, ಹೇಳಿಯೇ ಮಾರಿದ್ದು. ಈಗ ಕೈ ಬದಲಾಗಿ ಬದಲಾಗಿ, ಇಂಟರ್ನೆಟ್ಟಲ್ಲಿ ಮಾರೋರು ಕೆಲವರು ಶ್ಯಾನನ್ ಹೆಸರು ಬಿಟ್ಟು ಫೋಟೋ ಹಾಕ್ತಾರೆ. ಫೋಟೋದಲ್ಲಿ ವ್ಯತ್ಯಾಸ ಕಾಣಲ್ಲ. ಹಿಂದಿನ ಮಗ್ಗುಲು ಸವರಿದರೆ ನುಣುಪು, ಅಕ್ಷರ ಕಾಗದದ ಮೇಲೆ ಕೂತಿರತ್ತೆ, ಒಳಗಿಳಿದಿರಲ್ಲ. ಮೂಲ ಕೊಳ್ಳೋಕೆ ದುಡ್ಡಿಲ್ಲದವರಿಗೆ ಆ ಪಡಿಯಚ್ಚೇ ಒಳ್ಳೇದು, ಮುಲಾಜಿಲ್ಲದೆ ಓದಬಹುದು. ಈಗ ಹೆಸರಿನ ಪಕ್ಕ 'ವೇಡ್ 49' ಅಂತ ಬರಿ. ಅಲನ್ ವೇಡ್ ಮಾಡಿದ ಯೇಟ್ಸ್ ಗ್ರಂಥಸೂಚಿಯ ನಂಬರು. ಮಾರೋರು, ಕೊಳ್ಳೋರು ಎಲ್ಲ ಆ ನಂಬರಲ್ಲೇ ಮಾತಾಡೋದು.

– ಬೆಲೆ?

– ಖಾಲಿ ಬಿಡು, ಆಮೇಲೆ ನೋಡೋಣ. ಮುಂದಿನದು ಪುಸ್ತಕ ಅಲ್ಲ, ಬಿಡಿ ಹಾಳೆಗಳು. 'ಎ ಬ್ರಾಡ್‌ಸೈಡ್'. ಕ್ವಾಲಾ ಪ್ರೆಸ್, 1908ರಿಂದ 1915.

– ಈಗ ತಾನೇ ಡನ್ ಎಮರ್ ಅಂದ್ರಿ?

– ಗ್ಲೀಸನ್‌ಗೂ ಯೇಟ್ಸ್ ಅಕ್ಕತಂಗಿಯರಿಗೂ ಸರಿಹೋಗಲಿಲ್ಲ. ದುಡ್ಡಿನ ವಿಷಯ, ಸ್ವಭಾವದ ವಿಷಯ. 1908ರಲ್ಲಿ ಇವರು ಬೇರೆಯಾಗಿ ಕ್ವಾಲಾ ಅಂತ ಹೆಸರಿಟ್ಟುಕೊಂಡರು. ಯಂತ್ರ, ಮೊಳೆ ಎಲ್ಲ ಇವರ ಜತೆ ಬಂತು. ಯಾವುದನ್ನು ಅಚ್ಚು ಹಾಕಬೇಕು ಅಂತ ತೀರ್ಮಾನ ಮಾಡ್ತಿದ್ದೋನು ಅಣ್ಣ. ದುಡಿಮೆ ತಂಗಿಯದು. ಇದೇ ವಿಷಯಕ್ಕೆ ಇಬ್ಬರಿಗೂ ಕಾಗದದಲ್ಲೇ ಜಗಳ. ಹಾಗಂತ ಅಣ್ಣನನ್ನು ಪೂರ್ತಿ ಬೈಯೋಕೂ ಆಗಲ್ಲ. ಬ್ಯಾಂಕಿನ ಸಾಲ ಏರಿದಾಗ ತೀರಿಸಿದೋನು ಅವನೇ. ಪುಸ್ತಕ ಮಾರಿ ಅಚ್ಚುಮನೆ ನಡೀತಿರಲಿಲ್ಲ, ಶುಭಾಶಯ ಪತ್ರ, ಚಿತ್ರ, ಪುಸ್ತಕಕ್ಕೆ ಅಂಟಿಸೋ ಹೆಸರು ಚೀಟಿ ಇಂಥವು ಕೈ ಹಿಡಿದವು. ಈ ಬ್ರಾಡ್‌ಸೈಡ್ ತಿಂಗಳಿಗೊಂದು ಬರ್ತಿತ್ತು. ಸಂತೆಯಲ್ಲಿ ಮಾರೋ ಲಾವಣಿ ಹಾಳೆಗಳ ಧಾಟಿ. ಚಿತ್ರ ಬರೆದದ್ದು ಇನ್ನೊಬ್ಬ ಸೋದರ, ಜ್ಯಾಕ್. ಬಣ್ಣ ತುಂಬಿದ್ದು ಹುಡುಗಿಯರು, ಕೈಯಿಂದ. ಒಟ್ಟು 84 ಸಂಚಿಕೆ, ಒಂದೊಂದೂ 300 ಪ್ರತಿ.

– 25,200.

– ಅಷ್ಟು ಹಾಳೆಗೂ ಕುಂಚ ಆಡಿದೆ. ಈ ಎರಡು ಹಾಳೆಯಲ್ಲೂ ಒಂದೇ ಚಿತ್ರ, ಆಕಾಶದ ನೀಲಿ ಮಾತ್ರ ಬೇರೆ ಬೇರೆ. 84ನ್ನೂ ಒಟ್ಟಿಗೆ ಇಟ್ಟುಕೊಂಡವರು ಕಮ್ಮಿ. ಜನ ಚೆನ್ನಾಗಿರೋದನ್ನು ತೆಗೆದು ಫ್ರೇಮು ಹಾಕಿಸಿ ಗೋಡೆಗೆ ಹಾಕಿಕೊಂಡರು. ಒಳ್ಳೇದೇ ಮಾಡಿದರು.

– ಮುಂದೆ?

– ನಾಟಕಕಾರ ಸಿಂಜ್‌ನ 'ಪೊಯೆಮ್ಸ್ ಅಂಡ್ ಟ್ರಾನ್ಸ್‌ಲೇಷನ್ಸ್'. 1909. ಕ್ವಾಲಾದ್ದು, 250 ಪ್ರತಿ. ಇದೇ ಪುಸ್ತಕವನ್ನು ಅದೇ ವರ್ಷ ನ್ಯೂಯಾರ್ಕಿನಲ್ಲಿ ಜಾನ್ ಕ್ವಿನ್ ಅನ್ನೋ ವಕೀಲ 50 ಪ್ರತಿ ಅಚ್ಚು ಹಾಕಿಸಿದ. ಅದು ನನ್ನ ಹತ್ತಿರ ಇಲ್ಲ.

– 50 ಯಾಕೆ? ಅಲ್ಲೂ ಕೈಯಂತ್ರವಾ?

– ಇಲ್ಲ, ಅಲ್ಲಿ ಕಾನೂನು. ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಅಮೆರಿಕದ ನೆಲದಲ್ಲೇ ಮೊಳೆ ಜೋಡಿಸಿ ಅಚ್ಚಾಗದಿದ್ದರೆ ಅಲ್ಲಿ ಅದಕ್ಕೆ ಹಕ್ಕು ಸಿಗ್ತಿರಲಿಲ್ಲ, ಯಾರು ಬೇಕಾದ್ರೂ ಕದ್ದು ಅಚ್ಚು ಹಾಕಬಹುದಿತ್ತು. ಹಕ್ಕು ಉಳಿಸಿಕೊಳ್ಳೋಕೆ ಒಂದಿಷ್ಟು ಪ್ರತಿ ಸಾಕು. ಕ್ವಿನ್ ಐರಿಷ್ ಲೇಖಕರಿಗೆಲ್ಲ ಹೀಗೆ ನೆರವಾಗ್ತಿದ್ದ. ಓದೋರನ್ನು ಮನಸ್ಸಲ್ಲಿ ಇಟ್ಟುಕೊಂಡು ಹಾಕಿದ ಪುಸ್ತಕವೇ ಅಲ್ಲ ಅದು, ಕೋರ್ಟು ಕಾಗದದ ಥರ. ಸಂಗ್ರಾಹಕರು ಈಗ ಅದಕ್ಕೆ ಮುಗಿಬೀಳ್ತಾರೆ. ಇನ್ನೊಂದು ಕಾಲಂ ಹಾಕು ಕಣೇ, ಅಷ್ಟೇ ಪ್ರತಿ ಯಾಕೆ ಅಂತ.

– ಕಾರಣಕ್ಕೆಲ್ಲ ಪ್ರೀಮಿಯಂ ಇಲ್ಲ ಮಾವ!

– ಹಾಕು, ಹಾಕು. ನನಗೋಸ್ಕರ. ಕಾರಣ ಗೊತ್ತಿಲ್ಲದೆ ನಂಬರು ನೋಡಿ ಕೊಳ್ಳೋರು ಲಾಟರಿ ಟಿಕೆಟ್ ಕೊಂಡರೂ ಅಷ್ಟೇ ಖುಷಿಯಾಗಿರ್ತಾರೆ. ಮುಂದಿನದು ಟಾಗೋರರದು.

– ಟಾಗೋರರು ಐರಿಷ್ ಯಾವಾಗ ಆದ್ರು?

– 'ದ ಪೋಸ್ಟ್ ಆಫೀಸ್'. ಕ್ವಾಲಾ ಪ್ರೆಸ್, 1914, 400 ಪ್ರತಿ. ದೇವವ್ರತ ಮುಖರ್ಜಿ ಮಾಡಿದ ಅನುವಾದ, ಯೇಟ್ಸ್ ಮುನ್ನುಡಿ. ನಾಟಕ, ಆದರೂ ಕವಿಯದು ಅಂತ ಇದೇ ಕಪಾಟಿನಲ್ಲಿ ಇಟ್ಟಿದ್ದೀನಿ. ಪುಸ್ತಕ ಆಗೋಕೆ ಮುಂಚೆ, 1913ರ ಮೇ ತಿಂಗಳಲ್ಲಿ ಇಲ್ಲೇ ಆ್ಯಬಿ ಥಿಯೇಟರಿನಲ್ಲಿ ಆಡಿದರು. ಆ ಪ್ರದರ್ಶನದ ದುಡ್ಡು ಹೋಗಿದ್ದು ಯಾರಿಗೆ ಗೊತ್ತಾ? ಪ್ಯಾಟ್ರಿಕ್ ಪಿಯರ್ಸ್ ನಡೆಸ್ತಿದ್ದ ಸೇಂಟ್ ಎಂಡಾ ಶಾಲೆಗೆ. ಅದೇ ಸಂಜೆ ಪಿಯರ್ಸ್ ಐರಿಷ್ ಭಾಷೆಯಲ್ಲಿ ಬರೆದ ನಾಟಕವನ್ನೂ ಆಡಿದರು. ಮೂರು ವರ್ಷ ಆದ ಮೇಲೆ ಪಿಯರ್ಸ್ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಯ ಮುಂದಾಳಾಗಿ ಗುಂಡಿಗೆ ಎದೆ ಕೊಟ್ಟ.

– ಅಯ್ಯೋ, ಇದರ ಪುಟ ಬಿಡಿಸಿಯೇ ಇಲ್ಲವಲ್ಲ! ಮಡಿಕೆ ಹಾಗೇ ಅಂಟಿಕೊಂಡಿದೆ. 1914ರಿಂದ ಇಲ್ಲೀವರೆಗೆ ಒಬ್ಬರೂ ಓದಿಲ್ಲವಾ?

– ಈ ಪ್ರತಿಯನ್ನು ಓದಿಲ್ಲ. ಹಾಳೆ ಮಡಿಸಿ ಹೊಲೀತಾರೆ, ಮಡಿಕೆ ಬಿಡಿಸೋದು ಕೊಂಡವರ ಕೆಲಸ. ಬಿಡಿಸದೆ ಉಳಿದ ಪ್ರತಿಗೆ ಬೆಲೆ ಜಾಸ್ತಿ.

– ಅಜ್ಜಿ ರೇಷ್ಮೆ ಸೀರೆ ಬೀರುವಲ್ಲಿ ಇಟ್ಟು ಇಟ್ಟು ಕೊನೆಗೆ ಮಡಿಕೆಯಲ್ಲೇ ಸೀಳಿಹೋಯ್ತಲ್ಲ, ಹಾಗಾಯ್ತು ಇದು. ನಾಲ್ಕು ನೂರು ಪ್ರತಿ ಆ ಹುಡುಗಿಯರು ತೋಳು ನೋಯಿಸಿಕೊಂಡು ಹಾಕಿದ್ರು ಅಂತ ನೀವೇ ಹೇಳ್ತೀರಿ. ಅದರಲ್ಲೊಂದನ್ನು ಓದದೆ ಇಡೋದೇ ಹೆಚ್ಚುಗಾರಿಕೆ ಅಂದ್ರೆ ಹೇಗೆ?

– ಸರಿಯೇ ನೀನು ಹೇಳೋದು. ಆದರೂ ಕತ್ತಿ ಹಾಕೋಕೆ ಮನಸ್ಸು ಬರಲ್ಲ. ಪಠ್ಯ ಎಲ್ಲಿ ಬೇಕಾದರೂ ಸಿಗತ್ತೆ, ಮ್ಯಾಕ್‌ಮಿಲನ್‌ದು ಮೇಲಿನ ಖಾನೇಲಿದೆ. ಬಿಡಿಸದ ಮಡಿಕೆ ಮಾತ್ರ ಒಮ್ಮೆ ಹೋದರೆ ಹೋಯ್ತು.

– ಬಿಡಿಸದ ಮಡಿಕೆ ಇಟ್ಟುಕೊಂಡು ಏನು ಮಾಡೋದು?

– ಷರಾ ಕಾಲಮಿನಲ್ಲಿ ಬರಕೋ, ಪುಟ ಬಿಡಿಸಿಲ್ಲ ಅಂತ. ಪಿಯರ್ಸ್ ಮಾತು ಬಂತಲ್ಲ, ಈ ಪಟ್ಟಿಯಲ್ಲಿ ಇಲ್ಲದ ಒಂದರ ಕಥೆ ಹೇಳ್ತೀನಿ. ದಂಗೆ ಆದಮೇಲೆ ಯೇಟ್ಸ್ ಬರೆದ 'ಈಸ್ಟರ್, 1916' ನಿಮಗೆ ಎಂ.ಎ.ಗೆ ಇತ್ತಲ್ಲ?

– ಮಾವ, ನಾನು ಓದಿದ್ದು ಬಿ.ಕಾಂ.

– ಹೌದಲ್ಲ, ನಿಮ್ಮಕ್ಕನಿಗೆ ಇತ್ತು. 1916ರ ಸೆಪ್ಟೆಂಬರಿಗೆ ಕವಿತೆ ಮುಗಿದಿತ್ತು. ಲಂಡನ್ನಿನ ಪತ್ರಿಕಾ ಸಂಪಾದಕ ಕ್ಲೆಮೆಂಟ್ ಶಾರ್ಟರ್ ಅದನ್ನು 25 ಪ್ರತಿ ಅಚ್ಚು ಹಾಕಿಸಿದ, ಸ್ನೇಹಿತರಿಗೆ ಹಂಚೋಕೆ ಮಾತ್ರ. ಅವನ ಹೆಂಡತಿ ಡೋರಾ ಸಿಗರ್ಸನ್ ಡಬ್ಲಿನ್ನಿನವಳು, ತಾನೂ ಕವಿ, ದಂಗೆಯಲ್ಲಿ ಸತ್ತವರಿಗಾಗಿ ತುಂಬಾ ನೊಂದವಳು. ಸಾರ್ವಜನಿಕರ ಕೈಗೆ ಅದೇ ಕವಿತೆ ಸಿಕ್ಕಿದ್ದು 1920ರ ಅಕ್ಟೋಬರಿನಲ್ಲಿ, 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆ ಮೂಲಕ. ನಾಲ್ಕು ವರ್ಷ! ಐರ್ಲೆಂಡಿನ ಬಗ್ಗೆ ಆ ಕಾಲದ ಅತಿ ಮುಖ್ಯ ಕವಿತೆ, ಇಪ್ಪತ್ತೈದು ಮನೆಯ ಮೇಜಿನ ಖಾನೆಯಲ್ಲಿ ಕೂತಿತ್ತು.

– ಹೆದರಿಕೆಯಾ?

– ಹೆದರಿಕೆ, ಎಚ್ಚರಿಕೆ, ಲೆಕ್ಕಾಚಾರ, ಎಲ್ಲ ಇರಬಹುದು. ವಿದ್ವಾಂಸರು ಇನ್ನೂ ಜಗಳ ಆಡ್ತಾರೆ. ನನಗೆ ಅನ್ನಿಸೋದು ಇಷ್ಟೇ: ಆ 25 ಪ್ರತಿಯಲ್ಲಿ ಒಂದು ಸಿಕ್ಕರೂ ನನಗೆ ಬೇಡ. ಸಿಗೋದೂ ಇಲ್ಲ, ಸಿಕ್ಕರೆ ಈ ಮನೆ ಮಾರಬೇಕು, ಅದು ಬೇರೆ. ನನಗೆ ಬೇಕಾಗಿದ್ದದ್ದು ಇದು. 'ಮೈಕೆಲ್ ರಾಬರ್ಟಿಸ್ ಅಂಡ್ ದ ಡ್ಯಾನ್ಸರ್'. ಕ್ವಾಲಾ, 400 ಪ್ರತಿ. ಶೀರ್ಷಿಕೆ ಪುಟದಲ್ಲಿ 1920 ಅಂತಿದೆ, ಹೊರಗೆ ಬಂದದ್ದು 1921ರ ಫೆಬ್ರವರಿ. ಆ ಕವಿತೆ ಪುಸ್ತಕದ ಒಳಗೆ ಸೇರಿದ್ದು ಇಲ್ಲಿ. ಆಗ ಡಬ್ಲಿನ್ ರಸ್ತೆಗಳಲ್ಲಿ ಬ್ರಿಟಿಷ್ ಸೈನ್ಯದ ಲಾರಿಗಳು ಓಡಾಡ್ತಿದ್ದವು, ರಾತ್ರಿ ಹೊರಗೆ ಬರೋ ಹಾಗಿರಲಿಲ್ಲ. ಇತ್ತ ಚರ್ಚ್‌ಟೌನಿನಲ್ಲಿ ನಾಲ್ಕಾರು ಹೆಂಗಸರು ಆ ಸಾಲುಗಳಿಗೆ ಒಂದೊಂದೇ ಮೊಳೆ ಜೋಡಿಸಿ ಅಚ್ಚು ಹಾಕ್ತಿದ್ದರು.

– ಇದನ್ನು ಓದಿದ್ದಾರೆ. ಪೆನ್ಸಿಲ್ ಗುರುತಿದೆ.

– ಯಾರೋ ಮೊದಲಿನ ಯಜಮಾನರು ಮಾಡಿದ್ದು. ಗುರುತು ಇದ್ದದ್ದಕ್ಕೇ ನನ್ನ ಕೈಗೆಟುಕಿತು.

– ಅಷ್ಟು ಕಮ್ಮಿ ಪ್ರತಿಗೆ ಅಷ್ಟು ಬೆಲೆ ಅಂದಮೇಲೆ ಯಾರಾದ್ರೂ ಸುಳ್ಳು ಸುಳ್ಳೇ ಅಚ್ಚು ಹಾಕಿ ಮಾರಲ್ವಾ?

– ಮಾಡಿದ್ದಾರಲ್ಲ. ಈ ಶಾರ್ಟರ್‌ನ ಗೆಳೆಯನೇ ಒಬ್ಬ ಇದ್ದ, ಥಾಮಸ್ ವೈಸ್ ಅಂತ. ಇಂಗ್ಲೆಂಡಿನ ದೊಡ್ಡ ಸಂಗ್ರಾಹಕ, ಗ್ರಂಥಸೂಚಿಗಳ ಪಂಡಿತ. ಕವಿಗಳ ಕಿರುಹೊತ್ತಿಗೆಗಳನ್ನು ಹಳೇ ತಾರೀಕು ಹಾಕಿ ತಾನೇ ಅಚ್ಚು ಹಾಕಿಸಿ, ತನ್ನದೇ ಸೂಚಿಯಲ್ಲಿ ಸೇರಿಸಿ, ಸಂಗ್ರಾಹಕರಿಗೆ ಮಾರಿದ. 1934ರಲ್ಲಿ ಕಾರ್ಟರ್, ಪೊಲಾರ್ಡ್ ಅನ್ನೋ ಇಬ್ಬರು ಪುಸ್ತಕ ವ್ಯಾಪಾರಿಗಳು ಕಾಗದ ಪರೀಕ್ಷೆ ಮಾಡಿಸಿ ಹಿಡಿದರು. ಪುಸ್ತಕದ ಮೇಲಿರೋ ವರ್ಷದಲ್ಲಿ ಅಂಥ ಕಾಗದ ಇನ್ನೂ ಹುಟ್ಟೇ ಇರಲಿಲ್ಲ.

– ಆಡಿಟ್ ಅಂದ್ರೆ ಅದು! ಸರಿ, ಮುಂದೆ.

– ಕವಾನಾ. 'ದ ಗ್ರೇಟ್ ಹಂಗರ್', ಕ್ವಾಲಾ, 1942, 250 ಪ್ರತಿ. ಎಲಿಜಬೆತ್ 1940ರಲ್ಲಿ ತೀರಿಕೊಂಡಿದ್ದಳು. ಅಚ್ಚುಮನೆ ನೋಡಿಕೊಳ್ತಿದ್ದದ್ದು ಯೇಟ್ಸನ ಹೆಂಡತಿ ಜಾರ್ಜ್. ಈ ಪುಸ್ತಕ ಕೈಗೆತ್ತಿಕೊಂಡಾಗೆಲ್ಲ ನನಗೆ ಇರುಸುಮುರುಸು. ಯೇಟ್ಸ್ ಬಳಗ ರೈತರನ್ನು ದೂರದಿಂದ ನೋಡಿ ಹಾಡಿತ್ತು. ಕವಾನಾ ಮೊನಗನ್ ಜಿಲ್ಲೆಯ ರೈತನ ಮಗ, ಹೊಲ ಉತ್ತವನು, ಶಾಲೆ ಹದಿಮೂರಕ್ಕೇ ಬಿಟ್ಟವನು. ಆಲೂಗಡ್ಡೆ ಹೊಲದಲ್ಲಿ, ಮುದಿ ತಾಯಿಯ ಅಂಕೆಯಲ್ಲಿ, ಮದುವೆಯೇ ಆಗದೆ ಸವೆದುಹೋದ ಒಬ್ಬ ಬಡಪಾಯಿಯ ಬದುಕನ್ನು ಅವನು ಬರೆದ. ಬರೆದದ್ದು ಅಚ್ಚಾಗಿದ್ದು ಮಾತ್ರ ಯೇಟ್ಸ್ ಮನೆಯ ಕೈಯಂತ್ರದಲ್ಲಿ, 250 ಸ್ಥಿತಿವಂತರಿಗಾಗಿ.

– ಇನ್ನೆಲ್ಲಿ ಅಚ್ಚಾಗಬೇಕಿತ್ತು? ಯುದ್ಧದ ಕಾಲ, ಕಾಗದ ಇಲ್ಲ. ಅವರಾದರೂ ಹಾಕಿದ್ರಲ್ಲ.

– ಅದೂ ನಿಜ. ಯೇಟ್ಸ್ ಬದುಕಿದ್ದಿದ್ದರೆ ಹಾಕೋಕೆ ಬಿಡ್ತಿದ್ದನೋ ಇಲ್ಲವೋ. ಇದರ ಪಕ್ಕದಲ್ಲಿರೋ ತೆಳ್ಳಗಿನದು ತೆಗಿ, 'ಏನ್ಷೆಂಟ್ ಲೈಟ್ಸ್'. ಆಸ್ಟಿನ್ ಕ್ಲಾರ್ಕ್, 1955, 200 ಪ್ರತಿ. ಬ್ರಿಡ್ಜ್ ಪ್ರೆಸ್ ಅಂತ ಹೆಸರು, ಟೆಂಪಲ್‌ಓಗ್‌ನಲ್ಲಿ ಸೇತುವೆ ಪಕ್ಕದ ಅವನ ಮನೆಯೇ ಪ್ರಕಾಶನ. 1938ರ ನಂತರ ಹದಿನೇಳು ವರ್ಷ ಅವನು ಬಿಡಿ ಕವಿತೆಗಳ ಸಂಕಲನವನ್ನೇ ತಂದಿರಲಿಲ್ಲ. ಪಾದ್ರಿಗಳ ಮೇಲೆ, ಸರ್ಕಾರದ ಮೇಲೆ ಸಿಟ್ಟು ಕಾರೋ ಕವಿತೆಗಳು. ತಾನೇ ದುಡ್ಡು ಹಾಕಿ 200 ತಂದ. ಈಗ ಹುಡುಕಿದರೆ ಸಿಗೋದು ಕಷ್ಟ. ಸಿಕ್ಕರೂ ಕ್ವಾಲಾಕ್ಕೆ ಕೊಡೋ ಬೆಲೆಯಲ್ಲಿ ಕಾಲುಪಾಲೂ ಯಾರೂ ಕೊಡಲ್ಲ. 200 ಕಮ್ಮಿಯೋ 400 ಕಮ್ಮಿಯೋ?

– ಬೇಡಿಕೆ ಇಲ್ಲದಿದ್ದರೆ ಹತ್ತಿದ್ದರೂ ಅಗ್ಗವೇ. ಅದನ್ನು ಬಿ.ಕಾಂ.ನಲ್ಲೂ ಹೇಳಿಕೊಡ್ತಾರೆ.

– ಸರಿಯಾಗಿ ಹೇಳಿದೆ. ಕ್ಲಾರ್ಕ್‌ನನ್ನು ಆಮೇಲೆ ಎತ್ತಿ ಹಿಡಿದದ್ದು ಡಾಲ್ಮನ್ ಪ್ರೆಸ್. 1951ರಲ್ಲಿ ಲಿಯಮ್ ಮಿಲ್ಲರ್ ಮತ್ತು ಅವನ ಹೆಂಡತಿ ಜೋಸೆಫೀನ್ ಮನೆಯಲ್ಲೇ ಪುಟ್ಟ ಯಂತ್ರ ಇಟ್ಟುಕೊಂಡು ಶುರು ಮಾಡಿದ್ದು. ಮಿಲ್ಲರ್ ಓದಿದ್ದು ಆರ್ಕಿಟೆಕ್ಚರು. ಕವಿ ಥಾಮಸ್ ಕಿನ್ಸೆಲ್ಲಾ ಹಣಕಾಸು ಇಲಾಖೆಯಲ್ಲಿ ನೌಕರ, ಬಿಡುವಿನಲ್ಲಿ ಇವರ ಮನೆಗೆ ಹೋಗಿ ಮೊಳೆ ಜೋಡಿಸ್ತಿದ್ದ. 1969ರಲ್ಲಿ ಕಿನ್ಸೆಲ್ಲಾ ಅನುವಾದಿಸಿದ 'ದ ಟೋಯಿನ್', ಲೂಯಿ ಲ ಬ್ರಾಕಿಯ ಕುಂಚದ ಚಿತ್ರಗಳ ಜತೆ ಬಂತಲ್ಲ, ಅದಕ್ಕಿಂತ ಒಳ್ಳೆ ಪುಸ್ತಕ ಈ ದೇಶದಲ್ಲಿ ಅಚ್ಚಾಗಿಲ್ಲ ಅಂತ ನನ್ನ ಅಭಿಪ್ರಾಯ. 1987ರಲ್ಲಿ ಮಿಲ್ಲರ್ ಹೋದ, ಡಾಲ್ಮನ್ನೂ ಅವನ ಜತೆಗೇ ಹೋಯ್ತು.

– ಹೀನಿ ಎಲ್ಲಿ ಮಾವ? ನನಗೆ ಗೊತ್ತಿರೋದು ಅವರೊಬ್ಬರೇ.

– ಹೀನಿಯ 'ಬಾಗ್ ಪೊಯೆಮ್ಸ್' 1975ರಲ್ಲಿ 150 ಪ್ರತಿ ಬಂತು, ಟೆಡ್ ಹ್ಯೂಸ್ ಮತ್ತು ಅವನ ಅಕ್ಕ ಓಲ್ವಿನ್ ನಡೆಸ್ತಿದ್ದ ರೇನ್‌ಬೋ ಪ್ರೆಸ್ಸಿಂದ. ಬ್ಯಾರಿ ಕುಕ್ ಚಿತ್ರ, ಹೀನಿ ಸಹಿ, ಭರ್ಜರಿ ಬೈಂಡು. ಅದೇ ವರ್ಷ ಅವೇ ಕವಿತೆಗಳನ್ನು ಸೇರಿಸಿಕೊಂಡು ಫೇಬರ್‌ನವರು 'ನಾರ್ತ್' ತಂದರು, ಯಾರು ಬೇಕಾದರೂ ಕೊಳ್ಳೋ ಬೆಲೆಗೆ. ನಿನ್ನ ಮೊದಲ ಅನುಮಾನ ಇತ್ತಲ್ಲ, ಬೇಕೂಂತ ಕಮ್ಮಿ ಹಾಕೋದು ಅಂತ, ಅದು ಇಲ್ಲಿಗೆ ಒಪ್ಪತ್ತೆ. ಸುಂದರವಾದ ಪುಸ್ತಕ, ಆದರೆ ಅದು 150 ಆಗೋಕೆ 150 ಅಂತ ತೀರ್ಮಾನಿಸಿದ್ದು ಬಿಟ್ಟು ಬೇರೆ ಕಾರಣ ನನಗೆ ಕಾಣಲ್ಲ. ನಾನು 'ನಾರ್ತ್' ಇಟ್ಟುಕೊಂಡಿದ್ದೀನಿ. ಇನ್ನು ಸಹಿ! ಕೇಳಿದವರಿಗೆಲ್ಲ ಹಾಕಿಕೊಡ್ತಿದ್ದ ಪುಣ್ಯಾತ್ಮ, ಹೀನಿ ಸಹಿ ಇಲ್ಲದ ಪ್ರತಿಯೇ ಅಪರೂಪ ಅಂತ ಇಲ್ಲಿ ಹಳೇ ಜೋಕು.

– ಈ ಪ್ಲಾಸ್ಟಿಕ್ ಕವರಿನಲ್ಲಿರೋ ಕಾಗದ? ಕಾಫಿ ಕಲೆ ಇದೆ. ಕಸಕ್ಕೆ ಹಾಕಲಾ?

– ಏಯ್! ಅದು 'ಬುಚರ್ಸ್ ಡಜನ್'. 1972. ಜನವರಿ 30ರಂದು ಡೆರಿ ಊರಿನಲ್ಲಿ ಮೆರವಣಿಗೆ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಹದಿಮೂರು ಜನ ಅಲ್ಲೇ ಸತ್ತರು. ವಿಚಾರಣೆ ಮಾಡಿದ ಲಾರ್ಡ್ ವಿಜರಿ ಏಪ್ರಿಲಲ್ಲಿ ಕೊಟ್ಟ ವರದಿ ಸೈನ್ಯದ ಪರ ವಾಲಿತ್ತು. ಅದಾದ ಒಂದೇ ವಾರದಲ್ಲಿ ಕಿನ್ಸೆಲ್ಲಾ ಈ ಕವಿತೆ ಬರೆದು, ಕಿರುಹೊತ್ತಿಗೆ ಮಾಡಿ, ಅಗ್ಗಕ್ಕೆ ಮಾರಾಟಕ್ಕಿಟ್ಟ. ಮೊಳೆ ಜೋಡಿಸೋದನ್ನು ಇಷ್ಟಪಡೋ ಮನುಷ್ಯ, 'ಟೋಯಿನ್' ಮಾಡಿದ ಮನುಷ್ಯ, ಇದಕ್ಕೆ ಮಾತ್ರ ಕೈಕಾಗದ ಬೇಡ, ಕೆಂಪು ಮಸಿ ಬೇಡ, ಬೇಗ ಬೀದಿಗೆ ಹೋಗಲಿ ಅಂದ. ಪೆಪರ್‌ಕ್ಯಾನಿಸ್ಟರ್ ಅಂತ ಅವನ ಸ್ವಂತ ಪ್ರಕಾಶನದ ಮೊದಲನೇದು ಇದು. ಮನೆ ಹತ್ತಿರದ ಚರ್ಚಿಗೆ ಡಬ್ಲಿನ್ ಜನ ಇಟ್ಟ ಅಡ್ಡಹೆಸರು ಅದು.

– ಹಾಗಾದರೆ ಇದು ಅಪರೂಪ ಅಲ್ಲ.

– ಆಗ ಅಲ್ಲ. ಆದರೆ ಓದಿದರು, ಕೈಯಿಂದ ಕೈಗೆ ಕೊಟ್ಟರು, ಜೇಬಿನಲ್ಲಿ ಮಡಿಸಿಟ್ಟರು, ಎಸೆದರು. ಕ್ವಾಲಾದ ನಾನ್ನೂರನ್ನು ಮೊದಲ ದಿನದಿಂದಲೇ ಗಾಜಿನ ಬೀರುವಲ್ಲಿ ಇಟ್ಟರು, ಅದಕ್ಕೇ ಹುಡುಕಿದರೆ ಇವತ್ತೂ ಸಿಗತ್ತೆ. ಇದರದು ಚೊಕ್ಕ ಪ್ರತಿ ಹುಡುಕೋದೇ ಪಾಡು. ನನಗೆ ಸಿಕ್ಕಿದ್ದು ಕಾಫಿ ಕುಡಿದವನದು.

– ಬೆಲೆ ಕಾಲಂ ಇನ್ನೂ ಖಾಲಿ ಇದೆ ಮಾವ. ಕೇಳಬಾರದು, ಆದರೂ ಕೇಳ್ತೀನಿ. ನಿಮ್ಮ ನಂತರ ಇವೆಲ್ಲ ಯಾರಿಗೆ?

– ಹರಾಜಿಗೆ. ಜಾನ್ ಕ್ವಿನ್ ಇದ್ದನಲ್ಲ, ವಕೀಲ, ಅವನು ತನ್ನ ಲೈಬ್ರರಿಯನ್ನು ಬದುಕಿರೋವಾಗಲೇ 1923-24ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜು ಹಾಕಿದ, 12 ಸಾವಿರಕ್ಕೂ ಹೆಚ್ಚು ಐಟಂ. ಟ್ರಿನಿಟಿ ಕಾಲೇಜಿನಲ್ಲಿ ಕ್ವಾಲಾದ ದಾಖಲೆಗಳೇ ಇವೆ, ನನ್ನ ಪೆನ್ಸಿಲ್ ಗುರುತಿನ ಪ್ರತಿ ಅವರಿಗೆ ಯಾಕೆ? ಮಾರಿದರೆ ನನ್ನಂಥ ಇನ್ನೊಬ್ಬ ಸಂಬಳದವನಿಗೆ ಸಿಗತ್ತೆ. ಇದೊಂದು ಮಾತ್ರ ಮೈಸೂರಿಗೆ ಹೋಗಬೇಕು.

– ಜೇಮ್ಸ್ ಕಸಿನ್ಸ್. ಗಣೇಶ್ ಅಂಡ್ ಕಂಪನಿ, ಮದರಾಸು. ಇವರು... ಕುವೆಂಪು ಅವರಿಗೆ ಕನ್ನಡದಲ್ಲೇ ಬರೀರಿ ಅಂತ ಹೇಳಿದವರಲ್ವಾ?

– ಅವರೇ. ಮೈಸೂರಿನಲ್ಲಿ, 1924ರಲ್ಲಿ. ಅದು ನಮ್ಮವರಿಗೆಲ್ಲ ಗೊತ್ತು. ಕಸಿನ್ಸ್ ಇದೇ ಬಳಗದವರು ಅನ್ನೋದು ಕಮ್ಮಿ ಜನಕ್ಕೆ ಗೊತ್ತು. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಡಬ್ಲಿನ್ನಿಗೆ ಬಂದು, ಯೇಟ್ಸ್, ರಸೆಲ್ ಇವರ ಜತೆ ಕವಿತೆ, ನಾಟಕ ಅಂತ ಓಡಾಡಿದವರು. 1904ರಲ್ಲಿ ಜಾಯ್ಸ್‌ಗೆ ಇರೋಕೆ ಜಾಗ ಇಲ್ಲದಾಗ ಇಲ್ಲೇ ಸ್ಯಾಂಡಿಮೌಂಟಿನ ಇವರ ಮನೆಯಲ್ಲಿ ಕೆಲವು ರಾತ್ರಿ ಮಲಗಿದ್ದ. ಆಮೇಲೆ ಅವನು ಇವರನ್ನೂ ಗೇಲಿ ಮಾಡಿದ, ಅದು ಬೇರೆ ಮಾತು. 1915ರಲ್ಲಿ ಗಂಡಹೆಂಡತಿ ಇಬ್ಬರೂ ಮದರಾಸಿಗೆ ಬಂದರು. ಆಮೇಲಿನ ಪುಸ್ತಕಗಳು ಎಷ್ಟೋ ಅಲ್ಲೇ ಅಚ್ಚಾದವು. ಐರಿಷ್ ಕವಿತೆ ನಮ್ಮ ಕಡೆಯ ಮಾಮೂಲಿ ಕಾಗದದಲ್ಲಿ, ನಮ್ಮ ಕಡೆಯ ಮೊಳೆ ಜೋಡಿಸೋರ ಕೈಯಲ್ಲಿ. ಇಲ್ಲಿನ ಸಂಗ್ರಾಹಕರು ತಿರುಗಿಯೂ ನೋಡಲ್ಲ. ಇಷ್ಟೇ ಪ್ರತಿ ಅಂತ ನಂಬರು ಇಲ್ಲವಲ್ಲ. ಶೆಕೆ, ಹುಳ, ಗೆದ್ದಲು ಸೇರಿ ಎಷ್ಟು ಉಳಿಸಿವೆಯೋ.

– ಅದೇ ಗೆದ್ದಲಿಗೆ ವಾಪಸ್ ಕಳಿಸ್ತೀರಾ?

– ಕುವೆಂಪು ಓದಿದ ಊರಲ್ಲಿ ಒಂದು ಪ್ರತಿ ಇರಲಿ ಬಿಡೇ. ಕರ್ಪೂರ ಇಟ್ಟು ಕಳಿಸೋಣ.

– ಇದನ್ನೂ ಪಟ್ಟಿಗೆ ಸೇರಿಸಲಾ?

– ಸೇರಿಸು. ಬೆಲೆ ಎರಡು ಯೂರೋ ಅಂತ ಹಾಕು. ಚರ್ಚ್ ಸೇಲಿನ ರಟ್ಟಿನ ಡಬ್ಬದಲ್ಲಿ ಅಷ್ಟಕ್ಕೇ ಸಿಕ್ಕಿದ್ದು.

– ಇಡೀ ಪಟ್ಟಿಯಲ್ಲಿ ನೀವು ಹೇಳಿದ ಒಂದೇ ಬೆಲೆ ಇದು. ಎರಡು ಯೂರೋಗೆ ಯಾರು ಮಾವ ವಿಮೆ ಕೊಡ್ತಾರೆ?